ಸಂಪಾದಕರ ಉತ್ತರ: ಬೆಂಚಿನ ತುದಿಯಲ್ಲಿ ಕುಳಿತವರು

ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡು ಪತ್ರ ಬರೆದಿರುವ ಸಹೋದರಿಗೆ ವಂದನೆಗಳು.

ನಿಮ್ಮ ಆರು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಹೇಳುತ್ತೇನೆ. ನಗರದ ನಡುಭಾಗದ ಹಳೆಯ, ಕಿಕ್ಕಿರಿದ ಬಡಾವಣೆಯೊಂದರ ಸಮುದಾಯ ಸಹಾಯ ಕೇಂದ್ರದಲ್ಲಿ ನೀವು ವಾರಕ್ಕೆ ಎರಡು ಮಧ್ಯಾಹ್ನ ಸ್ವಯಂಸೇವಕಿಯಾಗಿ ಕೂರುತ್ತೀರಿ. ಅರ್ಜಿ ತುಂಬಿಕೊಡುವುದು, ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುವುದು ನಿಮಗೆ ವಹಿಸಿದ ಕೆಲಸ. ಆದರೆ ಬರುವವರಲ್ಲಿ ಅನೇಕರ ಕೈಯಲ್ಲಿ ಅರ್ಜಿಯೇ ಇರುವುದಿಲ್ಲ. ಒಬ್ಬರು ದಿನಪತ್ರಿಕೆ ಓದಿ ಎದ್ದು ಹೋಗುತ್ತಾರೆ. ಇನ್ನೊಬ್ಬರು ಮೊಣಕಾಲು ನೋವಿನ ಸುದ್ದಿ ಹೇಳುತ್ತಾರೆ. ಹಿರಿಯರೊಬ್ಬರು ತಪ್ಪದೆ ಬಂದು, ಬೆಂಚಿನ ತುದಿಯಲ್ಲಿ ಕುಳಿತು, "ನಿಮ್ಮ ಕೆಲಸ ನಡೆಯಲಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ತಿಂಗಳ ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ಬರೆಯುವಾಗ ಇವರನ್ನೆಲ್ಲ ಎಲ್ಲಿ ಸೇರಿಸುವುದೆಂದು ತೋಚದೆ ಕೈಬಿಡುತ್ತೀರಿ. "ನಾನು ಮಾಡುತ್ತಿರುವುದು ಸೇವೆಯೋ, ಕಾಡುಹರಟೆಯೋ?" ಎಂದು ಕೇಳಿದ್ದೀರಿ.

ಸೇವೆಯೇ. ನನಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಹಲವು ವರ್ಷಗಳ ಹಿಂದೆ ಒಂದು ಲೇಖನಕ್ಕಾಗಿ ನಾನು ಇಂಥದೇ ಕೇಂದ್ರವೊಂದರಲ್ಲಿ ಮಧ್ಯಾಹ್ನವಿಡೀ ಕುಳಿತಿದ್ದೆ. ಕಾಗದಪತ್ರ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡು ಒಬ್ಬರು ಬಂದರು. ಒಂದೇ ಅರ್ಜಿಗಾಗಿ ಅಲೆದು ಸಾಕಾಗಿತ್ತೆಂದು ಮುಖವೇ ಹೇಳುತ್ತಿತ್ತು. ಮೇಜಿನ ಆಚೆ ಕುಳಿತಿದ್ದ ಕಾರ್ಯಕರ್ತೆ ಎದ್ದು, ತಮ್ಮ ಕುರ್ಚಿಯನ್ನು ಎಳೆದು ತಂದು ಅವರ ಪಕ್ಕಕ್ಕೆ ಹಾಕಿಕೊಂಡರು. ಚೀಲಕ್ಕೆ ಕೈ ಹಾಕಲಿಲ್ಲ. "ಮೊದಲು ಯಾವುದನ್ನು ನೋಡೋಣ?" ಎಂದರು. ಆತ ಒಂದೊಂದೇ ಕಾಗದವನ್ನು ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ಮೇಜಿನ ಮೇಲಿಟ್ಟರು. ನಡುವೆ ಒಂದು ಫೋಟೋ ಬಂತು. ಅರ್ಜಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆಕೆ ಅದನ್ನು ಬದಿಗೆ ಸರಿಸದೆ, ಉಳಿದ ದಾಖಲೆಗಳನ್ನು ನೋಡಿದಷ್ಟೇ ಗಮನವಿಟ್ಟು ನೋಡಿ, "ಯಾರು ಈ ಹುಡುಗಿ?" ಎಂದು ಕೇಳಿದರು. ಮೊಮ್ಮಗಳು. ಎರಡು ವರ್ಷದಿಂದ ಅವರ ಜೊತೆಯಲ್ಲೇ ಇದ್ದಾಳೆ, ಶಾಲೆಗೆ ಹೋಗುತ್ತಾಳೆ, ಲೆಕ್ಕದಲ್ಲಿ ಜಾಣೆ. ಹೀಗೆ ಹತ್ತು ನಿಮಿಷ ಮಾತು ನಡೆಯಿತು. ಆಮೇಲೆ ನೋಡಿದರೆ, ಹಿಂದಿನ ಅರ್ಜಿಗಳಲ್ಲಿ ಅವಲಂಬಿತರ ಕಾಲಂ ಖಾಲಿಯಾಗಿತ್ತು. ಆ ಮಗುವಿನ ಹೆಸರನ್ನು ಯಾರೂ ಕೇಳಿರಲಿಲ್ಲ, ಅವರಿಗೂ ಹೇಳಬೇಕೆಂದು ಹೊಳೆದಿರಲಿಲ್ಲ.

ಆ ಹತ್ತು ನಿಮಿಷವನ್ನು ನೀವು ಯಾವ ಲೆಕ್ಕಕ್ಕೆ ಬರೆಯುತ್ತೀರಿ?

ಮನುಷ್ಯ ತನಗೇನು ಬೇಕೆಂಬುದನ್ನು ಮೊದಲ ಮಾತಿನಲ್ಲೇ ಹೇಳುವುದಿಲ್ಲ. ಹಲವು ಕಡೆ ಗದರಿಸಿಕೊಂಡು ಬಂದವರಂತೂ ಹೇಳುವುದೇ ಇಲ್ಲ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರು ಬದುಕೇ ಬೇಡವೆನಿಸಿದವರಿಗಾಗಿ ತಮ್ಮ ಚರ್ಚಿನಿಂದ ಒಂದು ದೂರವಾಣಿ ಸೇವೆ ಆರಂಭಿಸಿದರು. ನೇರವಾಗಿ ಬಂದು ಸರದಿಗಾಗಿ ಕಾಯುತ್ತಿದ್ದವರ ಜೊತೆಗಿರಲು ಕೆಲವು ಸ್ವಯಂಸೇವಕರು ಒದಗಿದರು. ಅವರೇನೂ ಪರಿಣತರಾಗಿರಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದರು ಅಷ್ಟೆ. ಆದರೆ ಕಾಯುವ ಕೋಣೆಯಲ್ಲೇ ಎದೆಯ ಭಾರ ಇಳಿಸಿಕೊಂಡ ಎಷ್ಟೋ ಜನರಿಗೆ ಒಳಗೆ ಹೋಗಿ ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳುತ್ತಿರಲಿಲ್ಲ. ವಾರಾ ಇದನ್ನು ಗಮನಿಸಿ, 1954ರ ಫೆಬ್ರವರಿಯಲ್ಲಿ ಕೇಳಿಸಿಕೊಳ್ಳುವ ಕೆಲಸವನ್ನೇ ಆ ಸ್ವಯಂಸೇವಕರಿಗೆ ಒಪ್ಪಿಸಿದರು. ಆ ದೂರವಾಣಿ ಸೇವೆ ಸಮಾರಿಟನ್ಸ್ ಎಂಬ ಸಂಸ್ಥೆಯಾಗಿ ಬೆಳೆದದ್ದು ಹಾಗೆ. ನಿಮ್ಮ ಬೆಂಚಿನ ಬಗ್ಗೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಕಾಯುವ ಕೋಣೆ.

ಅದಕ್ಕೂ ಹಿಂದೆ, 1884ರಲ್ಲಿ ಲಂಡನ್ನಿನ ಟಾಯ್ನ್‌ಬೀ ಹಾಲ್, 1889ರಲ್ಲಿ ಷಿಕಾಗೋದ ಹಲ್ ಹೌಸ್ ಎಂಬ ಸಮುದಾಯ ಸೇವಾ ಕೇಂದ್ರಗಳು ಬಡ ಬಡಾವಣೆಗಳ ನಡುವೆಯೇ ಬಾಗಿಲು ತೆರೆದವು. ಹಲ್ ಹೌಸ್ ಕಟ್ಟಿದ ಜೇನ್ ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ನನಗೆ ಮುಖ್ಯವೆನಿಸುವುದು ಪ್ರಶಸ್ತಿಗಿಂತ ಅವರು ಅದೇ ಬೀದಿಯಲ್ಲಿ ಮನೆ ಮಾಡಿದ್ದು. ಬಾಗಿಲು ತಟ್ಟಿದವರಿಗೆ ನೆರೆಮನೆಯವರು ಸಿಗುತ್ತಿದ್ದರು.

ಇನ್ನು ವರದಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತೇ ಒಂದು ಆಯೋಗ ರಚಿಸಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು 2025ರಲ್ಲಿ ಆ ಆಯೋಗ ಹೇಳಿತು. ನಿಮ್ಮ ವ್ಯವಸ್ಥಾಪಕರು ಅಂಕಿಅಂಶ ಕೇಳಿದರೆ ಇದನ್ನು ಧಾರಾಳವಾಗಿ ತೋರಿಸಿ. ವರದಿಯಲ್ಲಿ "ಬಂದು ಕುಳಿತವರು" ಎಂಬ ಹೊಸ ಕಾಲಂ ಎಳೆಯಲು ಅನುಮತಿಯನ್ನೂ ಕೇಳಿ. ಕೊಡದಿದ್ದರೆ ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಆದರೆ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಮನೆ ಖಾಲಿ ಮಾಡಬೇಕಾಗಿ ಬಂದವರಿಗೆ, ಔಷಧಿ ಮುಗಿದವರಿಗೆ ಸವಿಮಾತು ಪರಿಹಾರವಾಗುವುದಿಲ್ಲ. ಚೆನ್ನಾಗಿ ಮಾತನಾಡಿಸಿ ಕಳುಹಿಸಿದೆವೆಂದು ಕೈತೊಳೆದುಕೊಳ್ಳುವ ಕೇಂದ್ರಗಳನ್ನೂ ನಾನು ಕಂಡಿದ್ದೇನೆ, ಅದು ಮೋಸ. ಫೋಟೋ ನೋಡಿದ ಆ ಕಾರ್ಯಕರ್ತೆ ಅರ್ಜಿಯನ್ನೂ ಅಂದೇ ಸರಿಪಡಿಸಿದರು, ಸ್ವೀಕೃತಿ ಪಡೆಯುವುದು ಹೇಗೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಹಾಗೆಯೇ ಯಾರನ್ನೂ ಕೆದಕಬೇಡಿ. ನೋವನ್ನು ಹೇಳಿಸಲೇಬೇಕೆಂಬ ಹಟ ಬೇಡ. ಮತ್ತೆ, ನೀವು ಬರಲಾಗದ ವಾರ ಇದ್ದರೆ ಮುಂಚಿತವಾಗಿ ತಿಳಿಸಿ. ನಿಮಗೆ ಅದು ಒಂದು ರಜೆ. ಬಾಗಿಲವರೆಗೆ ನಡೆದು ಬಂದು ನಿಮ್ಮ ಕುರ್ಚಿ ಖಾಲಿ ಇರುವುದನ್ನು ನೋಡುವವರಿಗೆ ಅದು ಹಾಗೆ ಕಾಣುವುದಿಲ್ಲ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಆ ಹಿರಿಯರ ವಿಷಯ ನಾಲ್ಕು ಕಡೆ ಬಂದಿದೆ. ಅವರ ಕೊಡೆ, ಕನ್ನಡಕ, ಅವರು ಕೂರುವ ತುದಿ, ಎಲ್ಲವನ್ನೂ ಬರೆದಿದ್ದೀರಿ. "ಅವರ ಹೆಸರೂ ನನಗೆ ಗೊತ್ತಿಲ್ಲ" ಎಂದೂ ಬರೆದಿದ್ದೀರಿ. ಮುಂದಿನ ಸಲ ಅವರು ಬಂದಾಗ ಮೊದಲು ನಿಮ್ಮ ಹೆಸರನ್ನು ಹೇಳಿ.

— ಸಂಪಾದಕ