ಲೆವೆಲ್ 20ರ ತನಕ ಬಿಲ್ಡ್ ಈಗ್ಲೇ ಬೇಕಾ ಅಂತ ಕೇಳಿದವ್ರಿಗೆ

ನಿಮ್ಮ ಪೋಸ್ಟ್ ಪೂರ್ತಿ ಓದ್ದೆ. ಮೊದಲ್ನೇ ಸಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ದಾಳ ಹಾಕ್ತಾ ಕಥೆ ಕಟ್ಟೋ ಆಟ) ಆಡ್ತಿದೀರಿ, ನಾಲ್ಕು ಜನ ಇದೀರಿ, ಲೆವೆಲ್ 1ರಿಂದ ಶುರು, ನೀವು ಯಾವ್ದೋ ವಿಡಿಯೋ ನೋಡಿ ಎರಡು ಲೆವೆಲ್ ಪ್ಯಾಲಡಿನ್ (ದೈವಶಕ್ತಿ ಇರೋ ಯೋಧ) ತಗೊಂಡು ಆಮೇಲೆ ಪೂರ್ತಿ ಸಾರ್ಸರರ್ (ಮಂತ್ರಶಕ್ತಿ ಹುಟ್ಟಿನಿಂದ್ಲೇ ಇರೋರು) ಅಂತ ಬಿಲ್ಡ್, ಅಂದ್ರೆ ಕ್ಯಾರೆಕ್ಟರ್ ಬೆಳೆಸೋ ಪ್ಲ್ಯಾನ್, 20ರ ತನಕ ಬರ್ಕೊಂಡಿದೀರಿ, ಅದನ್ನ ನೋಡಿ ನಿಮ್ಮ ಫ್ರೆಂಡು "ಬಿಲ್ಡ್ ಮಾಡೋರು ರೋಲ್‌ಪ್ಲೇ ಮಾಡಲ್ಲ" ಅಂದ್ರು ಅಂತ ಬೇಜಾರಾಗಿದೆ.

ಮೊದ್ಲು ಆ ಬೇಜಾರು ಬಿಡಿ. ನಂಬರ್ ನೋಡಿ ಕ್ಯಾರೆಕ್ಟರ್ ಕಟ್ಟೋದ್ರಲ್ಲಿ ಏನೂ ತಪ್ಪಿಲ್ಲ, ಅರ್ಧ ಕ್ಯಾರೆಕ್ಟರ್ ಆ ನಂಬರ್‌ಗಳಲ್ಲೇ ಇರತ್ತೆ, ಕೆಳಗೆ ಹೇಳ್ತೀನಿ. ನನ್ನ ತಕರಾರು ಇರೋದು 20 ಅನ್ನೋದ್ರ ಮೇಲೆ. ಎಕ್ಸ್‌ಪಿ, ಅಂದ್ರೆ ಲೆವೆಲ್ ಏರೋಕೆ ಬೇಕಾದ ಪಾಯಿಂಟ್‌ಗಳ ಪಟ್ಟಿ ನೋಡಿ, ಲೆವೆಲ್ 5ಕ್ಕೆ 6,500 ಸಾಕು, 20ಕ್ಕೆ 3,55,000 ಬೇಕು. ಅಲ್ಲೀತನಕ ಹೋಗೋ ಕ್ಯಾಂಪೇನ್‌ಗಳು (ಸೆಷನ್ ಸೆಷನ್‌ಗೂ ಮುಂದುವರಿಯೋ ಕಥೆಗಳು) ಕಮ್ಮಿ, ಒಬ್ರಿಗೆ ಕೆಲ್ಸ ಬದಲಾಗತ್ತೆ, ಇನ್ನೊಬ್ರಿಗೆ ಮದ್ವೆ ಆಗತ್ತೆ, ಆಟ ಮಧ್ಯದಲ್ಲೇ ನಿಂತೋಗತ್ತೆ. ಹಾಗಾಗಿ ಲೆವೆಲ್ 5ರ ತನಕ ಗಟ್ಟಿಯಾಗಿ ಯೋಚ್ನೆ ಮಾಡಿ, ಅದರಾಚೆದು ಟೇಬಲ್‌ನಲ್ಲಿ ಏನೇನಾಗತ್ತೆ ಅಂತ ನೋಡ್ಕೊಂಡು ಆರಿಸಿ.

ಡಿಎಮ್ (ಆಟ ನಡೆಸೋರು, ಡಂಜನ್ ಮಾಸ್ಟರ್) ಹತ್ರ ಮೊದ್ಲು ಒಂದು ಕೇಳ್ಕೊಳಿ, 2014ರ ರೂಲ್ಸಾ, 2024ರ ರೂಲ್ಸಾ ಅಂತ. ಇದು ನಿಮ್ಗೆ ತುಂಬಾ ಮುಖ್ಯ. ನೀವು ನೋಡಿರೋ ಬಿಲ್ಡ್ ನಿಂತಿರೋದೇ ಡಿವೈನ್ ಸ್ಮೈಟ್ ಮೇಲೆ, ಅಂದ್ರೆ ಪ್ಯಾಲಡಿನ್ ತನ್ನ ಏಟಿಗೆ ದೈವಶಕ್ತಿ ಸೇರಿಸೋದ್ರ ಮೇಲೆ. 2014ರಲ್ಲಿ ನಿಮ್ಮ ಏಟು ಎದುರಾಳಿಗೆ ಬಿದ್ದಾಗೆಲ್ಲ ಸ್ಪೆಲ್ ಸ್ಲಾಟ್ (ಮಂತ್ರ ಹಾಕೋಕೆ ಇಷ್ಟೇ ಅಂತ ಸಿಗೋ ಅವಕಾಶ) ಸುಟ್ಟು ಸ್ಮೈಟ್ ಹಾಕ್ಬೋದಿತ್ತು, ಸಾರ್ಸರರ್ ಸ್ಲಾಟ್‌ಗಳು ಅದಕ್ಕೇ ಬೇಕಾಗಿದ್ದು. 2024ರಲ್ಲಿ ಸ್ಮೈಟೇ ಒಂದು ಸ್ಪೆಲ್, ಬೋನಸ್ ಆಕ್ಷನ್ (ಟರ್ನಲ್ಲಿ ಒಂದೇ ಸಲ ಸಿಗೋ ಚಿಕ್ಕ ಕೆಲ್ಸ) ತಗೊಳತ್ತೆ, ಅಂದ್ರೆ ಒಂದು ಟರ್ನಿಗೆ ಒಂದೇ. ಹಳೇ ವಿಡಿಯೋದ ಲೆಕ್ಕ ಹೊಸ ರೂಲ್ಸಲ್ಲಿ ನಡಿಯಲ್ಲ.

ಇನ್ನು ಲೆವೆಲ್ 5. ಅಲ್ಲಿ ಫೈಟರ್‌ಗೆ ಎಕ್ಸ್‌ಟ್ರಾ ಅಟ್ಯಾಕ್ (ಒಂದೇ ಟರ್ನಲ್ಲಿ ಎರಡನೇ ಏಟು) ಬರತ್ತೆ, ವಿಝರ್ಡ್ (ಮಂತ್ರವಾದಿ) ಫೈರ್‌ಬಾಲ್ ಅನ್ನೋ ಬೆಂಕಿ ಮಂತ್ರ ಹಾಕೋಕೆ ಶುರು ಮಾಡ್ತಾರೆ, ಎಂಟು ದಾಳ ಒಟ್ಟಿಗೆ ಟೇಬಲ್ ಮೇಲೆ ಬೀಳತ್ತೆ. ಆಗ ನೀವು ಪ್ಯಾಲಡಿನ್ 2, ಸಾರ್ಸರರ್ 3 ಆಗಿರ್ತೀರಿ, ಎರಡನೇ ಏಟೂ ಇಲ್ಲ ಫೈರ್‌ಬಾಲೂ ಇಲ್ಲ. ಫೈರ್‌ಬಾಲ್ ನಿಮ್ಗೆ ಸಿಗೋದು ಒಟ್ಟು ಲೆವೆಲ್ 7ಕ್ಕೆ, 23,000 ಎಕ್ಸ್‌ಪಿ ಆದ್ಮೇಲೆ. ಮಿಕ್ಕವ್ರೆಲ್ಲ ಜೋರಾಗಿರೋ ಹೊತ್ತಲ್ಲಿ ವಾರಗಟ್ಟಲೆ ಸುಮ್ನೆ ಕೂತಂಗೆ ಆಗತ್ತೆ, ಹೊಸಬ್ರಿಗೆ ಇದು ನಿಜವಾಗ್ಲೂ ಬೇಸರ ತರಿಸತ್ತೆ. ಇನ್ನೊಂದು, ಪ್ಯಾಲಡಿನ್ 6ರ ತನಕ ಹೋದ್ರೆ ಆರಾ ಆಫ್ ಪ್ರೊಟೆಕ್ಷನ್ ಸಿಗತ್ತೆ, 10 ಅಡಿ ಒಳಗಿರೋ ಫ್ರೆಂಡ್ಸ್ ಎಲ್ಲರ ಸೇವಿಂಗ್ ಥ್ರೋಗೂ (ಅಪಾಯದಿಂದ ತಪ್ಪಿಸ್ಕೊಳೋಕೆ ಹಾಕೋ ದಾಳ) ನಿಮ್ಮ ಕರಿಸ್ಮಾ (ವ್ಯಕ್ತಿತ್ವದ ಬಲ) ಬೋನಸ್ ಸೇರತ್ತೆ. ನಿಮ್ಮಿಂದ ಟೇಬಲ್‌ಗೆ ಸಿಗೋ ದೊಡ್ಡ ಉಪಕಾರ ಅದು, 2ಕ್ಕೇ ಬಿಟ್ಟು ಹೋದ್ರೆ ಯಾರಿಗೂ ಸಿಗಲ್ಲ.

ಈಗ ನಂಬರ್‌ಗೆ ಬರ್ತೀನಿ, 2024ರ ರೂಲ್ಸ್ ಅಂದ್ಕೊಂಡು. ಪಾಯಿಂಟ್ ಬೈ, ಅಂದ್ರೆ ಆರು ಗುಣಗಳ ನಂಬರ್‌ನ ಪಾಯಿಂಟ್ ಕೊಟ್ಟು ಕೊಳ್ಳೋದು, ಅದ್ರಲ್ಲಿ 27 ಪಾಯಿಂಟ್ ಇರತ್ತೆ. ಸ್ಟ್ರೆಂತ್ 15ಕ್ಕೆ 9, ಕರಿಸ್ಮಾ 15ಕ್ಕೆ 9, ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14ಕ್ಕೆ 7, ವಿಸ್ಡಮ್ 10ಕ್ಕೆ 2, ಅಲ್ಲಿಗೆ 27 ಮುಗೀತು, ಡೆಕ್ಸ್ಟೆರಿಟಿ (ಚುರುಕುತನ) ಮತ್ತೆ ಇಂಟೆಲಿಜೆನ್ಸ್ ಎರಡೂ 8ಕ್ಕೇ ನಿಲ್ತವೆ. ಬ್ಯಾಕ್‌ಗ್ರೌಂಡ್ ನೋಬಲ್ ತಗೊಂಡ್ರೆ ಸ್ಟ್ರೆಂತ್‌ಗೆ 2, ಕರಿಸ್ಮಾಗೆ 1 ಸೇರಿಸಿ, 17 ಮತ್ತು 16 ಆಯ್ತು. 17 ಅರೆಬರೆ ನಂಬರ್, ದಾಳಕ್ಕೆ ಸೇರೋ ಬೋನಸ್ 16ರದ್ದೇ ಪ್ಲಸ್ 3, ಆದ್ರೆ ಲೆವೆಲ್ 4ರಲ್ಲಿ ಸ್ಟ್ರೆಂತ್‌ಗೆ 1 ಕೊಡೋ ಫೀಟ್ (ವಿಶೇಷ ಸಾಮರ್ಥ್ಯ) ಯಾವ್ದಾದ್ರೂ ತಗೊಂಡ್ರೆ 18 ಆಗತ್ತೆ, ಸೆಂಟಿನಲ್ ಚೆನ್ನಾಗಿದೆ.

ಇಲ್ಲಿ ಸ್ವಲ್ಪ ನಿಧಾನಕ್ಕೆ ನೋಡಿ. ನೋಬಲ್ ಜೊತೆಗೆ ಹಿಸ್ಟರಿ, ಪರ್ಸುಯೇಷನ್ ಎರಡು ಸ್ಕಿಲ್ ಬರತ್ತೆ. ಪರ್ಸುಯೇಷನ್ ಪ್ಲಸ್ 5. ಹಿಸ್ಟರಿ ಇಂಟೆಲಿಜೆನ್ಸ್ 8 ಇರೋದ್ರಿಂದ ಬರೀ ಪ್ಲಸ್ 1. ಅಂದ್ರೆ ಇವನು ದೊಡ್ಡ ಮನೆತನದ ಹುಡ್ಗ, ಮನೆಗೇ ಮೇಷ್ಟ್ರನ್ನ ಕರೆಸಿ ವಂಶದ ಕಥೆಯೆಲ್ಲ ಪಾಠ ಮಾಡಿಸಿದಾರೆ, ತಲೆಗೆ ಹತ್ತಿಲ್ಲ, ಆದ್ರೆ ಬಾಯಿ ಬಿಟ್ರೆ ಎದುರಿಗಿರೋರು ಒಪ್ಕೊಂಡ್ಬಿಡ್ತಾರೆ. ಯಾರಾದ್ರೂ "ನಿಮ್ಮ ತಾತ ಯಾವ ಯುದ್ಧದಲ್ಲಿದ್ರು" ಅಂತ ಕೇಳಿದ್ರೆ ಏನ್ ಮಾಡ್ತಾನೆ? ಸುಳ್ಳು ಹೇಳ್ತಾನಾ, ಪಕ್ಕದಲ್ಲಿರೋ ವಿಝರ್ಡ್ ಮುಖ ನೋಡ್ತಾನಾ? ಡೆಕ್ಸ್ಟೆರಿಟಿ 8ರ ಮೇಲೆ ಚೈನ್ ಮೇಲ್ (ಸರಪಳಿ ಕವಚ) ಹಾಕಿದ್ರೆ ಸ್ಟೆಲ್ತ್‌ಗೆ (ಸದ್ದಿಲ್ಲದೆ ನುಸುಳೋದು) ಡಿಸ್‌ಅಡ್ವಾಂಟೇಜ್ ಬೇರೆ, ಎರಡು ದಾಳದಲ್ಲಿ ಕಮ್ಮಿ ಬಂದಿದ್ದೇ ಲೆಕ್ಕ, ಶೀಲ್ಡ್ ಸೇರಿ ಆರ್ಮರ್ ಕ್ಲಾಸ್ (ಏಟು ತಡೆಯೋ ನಂಬರ್) 18 ಸಿಗತ್ತೆ ನಿಜ, ಆದ್ರೆ ಎಲ್ರೂ ಕದ್ದು ನುಗ್ಗೋಣ ಅಂದಾಗ ಇವನೊಬ್ಬ ಸದ್ದು ಮಾಡ್ತಾನೆ. ಆಗ ಹೊರಗೇ ನಿಲ್ತಾನಾ, ಇಲ್ಲ ಮುಂಬಾಗಿಲಿಗೆ ಹೋಗಿ ಕಾವಲಿನವ್ರನ್ನ ಮಾತಿಗೆ ಎಳೀತಾನಾ? ನಿಮ್ಮ ಫ್ರೆಂಡಿಗೆ ಈ ಶೀಟ್ ತೋರ್ಸಿ, ರೋಲ್‌ಪ್ಲೇ ಎಲ್ಲಿದೆ ಅಂತ ಅವ್ರಿಗೇ ಕಾಣತ್ತೆ.

ಮುಂದೆ ಆರಿಸೋಕೆ ಜಾಗ ಬಿಡಿ ಅಂತ ಯಾಕೆ ಹೇಳ್ತೀನಿ ಅಂದ್ರೆ, ಪ್ಯಾಲಡಿನ್‌ಗಳು ಓತ್ (ತಮ್ಮ ದಾರಿ ಯಾವ್ದು ಅನ್ನೋ ಪ್ರತಿಜ್ಞೆ) ತಗೊಳೋದು ಲೆವೆಲ್ 3ರಲ್ಲಿ. ಲೆವೆಲ್ 1ರಲ್ಲೇ ಲೇ ಆನ್ ಹ್ಯಾಂಡ್ಸ್ ಇರತ್ತೆ, ದಿನಕ್ಕೆ 5 ಪಾಯಿಂಟ್ ಗಾಯ ವಾಸಿ ಮಾಡೋ ಶಕ್ತಿ. ನಮ್ಮ ಟೇಬಲ್‌ನಲ್ಲಿ ಒಬ್ರು ಪ್ಯಾಲಡಿನ್ ಆಡ್ತಿದ್ರು, ಓತ್ ಆಫ್ ವೆಂಜನ್ಸ್ (ಸೇಡಿನ ಪ್ರತಿಜ್ಞೆ) ಅಂತ ಮೊದ್ಲೇ ತೀರ್ಮಾನ ಆಗಿತ್ತು, ಡಕಾಯಿತ್ರು ಅವ್ರ ಊರು ಸುಟ್ಟಿದ್ರು ಅನ್ನೋ ಕಥೆ. ಎರಡನೇ ಸೆಷನ್ನಲ್ಲಿ ಅದೇ ಗ್ಯಾಂಗಿನ ಒಬ್ಬ ಚಿಕ್ಕ ಹುಡ್ಗ ಸಾಯೋ ಸ್ಥಿತಿಯಲ್ಲಿ ಸಿಕ್ಕ, ಈ ಕಡೆ ನಮ್ಮ ರೋಗ್ (ಕಳ್ಳನ ಪಾತ್ರ) ಹತ್ರ 2 ಹಿಟ್ ಪಾಯಿಂಟ್ (ಜೀವದ ಲೆಕ್ಕ) ಉಳಿದಿದೆ, ಕೈಯಲ್ಲಿರೋದು ಅದೇ 5. ಟೇಬಲ್‌ನಲ್ಲಿ ಯಾರೂ ಮಾತಾಡ್ಲಿಲ್ಲ, ಅವ್ರು ಪೂರ್ತಿ 5 ಆ ಹುಡ್ಗನಿಗೆ ಕೊಟ್ರು. ಅವನು ರಾತ್ರಿ ತಪ್ಪಿಸ್ಕೊಂಡು ಹೋಗಿ ಗ್ಯಾಂಗಿಗೆ ಸುದ್ದಿ ಮುಟ್ಸಿದ, ನಮ್ಗೆಲ್ಲ ಅದ್ರಿಂದ ಸರಿಯಾಗಿ ಏಟು ಬಿತ್ತು. ಆದ್ರೂ ಲೆವೆಲ್ 3ಕ್ಕೆ ಬಂದಾಗ ಅವ್ರು ವೆಂಜನ್ಸ್ ಬಿಟ್ಟು ಡಿವೋಷನ್ (ನಿಷ್ಠೆಯ ಪ್ರತಿಜ್ಞೆ) ತಗೊಂಡ್ರು, ಆಮೇಲೆ ಆ ಕ್ಯಾರೆಕ್ಟರ್ ಏನು ಮಾತಾಡಿದ್ರೂ ತೂಕ ಇರ್ತಿತ್ತು. ಮೊದ್ಲೇ ಎಲ್ಲ ಬರೆದಿಟ್ಟು ಅದಕ್ಕೇ ಅಂಟ್ಕೊಂಡಿದ್ರೆ ಇದು ಆಗ್ತಾನೇ ಇರ್ಲಿಲ್ಲ.

ಹಿಂದೆ ಆಟಗಾರ್ರಿಗೆ ಇಷ್ಟು ಆಯ್ಕೆನೇ ಇರ್ಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಮೊದ್ಲ ರೂಲ್ಸ್ ತಂದಾಗ ಕ್ಲಾಸ್ (ಪಾತ್ರದ ಬಗೆ) ಮೂರೇ, ಮೂರು ದಾಳ ಹಾಕಿ ಬಂದ ನಂಬರ್ ತಗೊಳ್ಬೇಕು. 1978ರ ಹ್ಯಾಂಡ್‌ಬುಕ್ಕಲ್ಲಿ ಪ್ಯಾಲಡಿನ್ ಆಗೋಕೆ ಕರಿಸ್ಮಾ 17 ಬೇಕಿತ್ತು, ಮೂರು ದಾಳದಲ್ಲಿ 17 ಅಥ್ವಾ 18 ಬೀಳೋದು 216ಕ್ಕೆ 4 ಸಲ. ಈಗ ಬೇಕಾದ್ದು ಕಟ್ಕೋಬೋದು, ಅದು ಒಳ್ಳೇದೇ, ಆದ್ರೆ ಆಯ್ಕೆ ಎಲ್ಲ ಶೀಟ್ ಬರೆಯೋ ದಿನವೇ ಮುಗಿದೋದ್ರೆ ಆಟದ ದಿನಕ್ಕೆ ಏನೂ ಉಳಿಯಲ್ಲ.

ಡಿಎಮ್‌ಗೂ ಒಂದು ಮಾತು ಹೇಳಿ. ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ಅದೇ ಓಗರ್ (ದೈತ್ಯ ರಾಕ್ಷಸ) ಎದುರಾಗೋದಾದ್ರೆ ದಾರಿ ಆರಿಸೋಕೆ ಯಾಕೆ ಕೇಳ್ಬೇಕು? ಯಾವ ದಾರೀಲಿ ಏನಿರ್ಬೋದು ಅಂತ ಒಂದು ಸುಳಿವಾದ್ರೂ ಸಿಗ್ಬೇಕು, ಆರಿಸಿದ್ಮೇಲೆ ಏನಾದ್ರೂ ಬದಲಾಗ್ಬೇಕು. ಮೊದ್ಲ ಸೆಷನ್‌ಗೆ ಮುಂಚೆ ನಾಲ್ಕೂ ಜನ ಶೀಟ್ ಜೊತೇಲಿ ಕೂತು ಮಾಡಿ, ಗಾಯ ವಾಸಿ ಮಾಡೋರು ಇನ್ಯಾರಾದ್ರೂ ಇದಾರಾ, ಬೀಗ ತೆಗೆಯೋರು ಯಾರು ಅಂತ ಅಲ್ಲೇ ಗೊತ್ತಾಗತ್ತೆ.

ಸಾರ್ಸರರ್ ಆಸೆ ಹೋಗದಿದ್ರೆ ಪ್ಯಾಲಡಿನ್ 6 ಆದ್ಮೇಲೆ ಹೋಗಿ, ಸ್ಟ್ರೆಂತ್ ಕರಿಸ್ಮಾ ಎರಡೂ 13ರ ಮೇಲೆ ಇರೋದ್ರಿಂದ ರೂಲ್ಸ್ ಅಡ್ಡ ಬರಲ್ಲ. ನಿಮ್ಮ ಡಿಎಮ್ 2014 ಅಂದ್ರೆ ಇಲ್ಲೇ ಹೇಳಿ, ಅದ್ರಲ್ಲಿ ಬೋನಸ್ ಬ್ಯಾಕ್‌ಗ್ರೌಂಡಿಂದ ಬರಲ್ಲ ರೇಸಿಂದ (ಮನುಷ್ಯ, ಎಲ್ಫ್ ಥರದ ಕುಲ) ಬರತ್ತೆ, ನಂಬರ್ ಬೇರೆ ಥರ ಹಂಚ್ಬೇಕು, ಆ ಶೀಟೂ ಒಟ್ಟಿಗೆ ಕೂತು ಮಾಡೋಣ.