ಹಣೆಯ ಗಾಯಕ್ಕೆ ಕಾಫಿ ಪುಡಿ ಒತ್ತಬಹುದೇ?

ಪ್ರಶ್ನೆ: ನಾಪೋಕ್ಲು ಬಳಿ ನಮ್ಮದೊಂದು ಸಣ್ಣ ಕಾಫಿ ತೋಟ. ಮೂರು ವರ್ಷದ ಮಗ ಕಳೆದ ವಾರ ಕಣದಲ್ಲಿ ಓಡುತ್ತಾ ಎಡವಿ, ಸಿಮೆಂಟಿನ ಅಂಚಿಗೆ ಹಣೆ ಬಡಿದುಕೊಂಡ. ತಕ್ಷಣ ಜೋರಾಗಿ ಅತ್ತ. ರಕ್ತ ಕಣ್ಣಿಗೆ ಇಳಿಯುವಷ್ಟು ಸುರಿಯಿತು. ಅತ್ತೆ ಓಡಿ ಬಂದು ಕಾಫಿ ಪುಡಿ ಮೆತ್ತಿ ಒತ್ತಿ ಹಿಡಿದರು, ರಕ್ತ ನಿಂತಿತು. ನಾನು ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದೆ. ಗಾಯ ತೊಳೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಕೊನೆಗೆ ಹೊಲಿಗೆ ಹಾಕದೆ ಗಾಯ ಕೂಡಿಸುವ ಅಂಟು ಹಚ್ಚಿದರು. ತಾಯಿ ಕಾರ್ಡ್ ಮನೆಯಲ್ಲೇ ಉಳಿದಿದ್ದರಿಂದ ಧನುರ್ವಾಯುವಿನ ಚುಚ್ಚುಮದ್ದನ್ನೂ ಕೊಟ್ಟರು. ಸ್ಕ್ಯಾನ್ ಮಾಡಲಿಲ್ಲ. ‘ಎರಡು ನಿಮಿಷದ ಅಂಟಿಗೆ ಅಷ್ಟು ದೂರ ಹೋಗಬೇಕಿತ್ತೇ?’ ಎಂದು ಮನೆಯವರು ಕೇಳುತ್ತಾರೆ. ನನಗೋ ಸ್ಕ್ಯಾನ್ ಮಾಡಿಸಬೇಕಿತ್ತೇನೋ ಎಂದು ರಾತ್ರಿ ನಿದ್ರೆ ಬರುತ್ತಿಲ್ಲ. ಕಾಫಿ ಪುಡಿ ಹಾಕಿದ್ದು ತಪ್ಪೇ? ಕಲೆ ಉಳಿಯುತ್ತದೆಯೇ?
— ಒಬ್ಬ ತಾಯಿ

ಉತ್ತರ: ಮೊದಲು ನಿಮ್ಮ ನಿದ್ರೆಯ ವಿಷಯ. ಬಿದ್ದು ಒಂದು ವಾರವಾಗಿದೆ. ಮಗ ಎಂದಿನಂತೆ ಉಂಡು, ಆಡಿಕೊಂಡು ಇದ್ದರೆ ಸ್ಕ್ಯಾನಿನ ಚಿಂತೆ ಬಿಡಿ. ಸಿ.ಟಿ. ಸ್ಕ್ಯಾನಿನಲ್ಲಿ ವಿಕಿರಣವಿದೆ. ಬೆಳೆಯುವ ಮಗುವಿಗೆ ಅದನ್ನು ಕಾರಣವಿಲ್ಲದೆ ಮಾಡಿಸಬಾರದು. ತಲೆಗೆ ಪೆಟ್ಟಾಗಿ ಬಂದ ಮಗುವಿನಲ್ಲಿ ನಾವು ಗಾಯಕ್ಕಿಂತ ಮೊದಲು ಮಗುವನ್ನು ನೋಡುತ್ತೇವೆ. ಕೂಡಲೇ ಅತ್ತನೇ, ಪ್ರಜ್ಞೆ ತಪ್ಪಿತೇ, ಅಮ್ಮನನ್ನು ಗುರುತಿಸುತ್ತಾನೆಯೇ, ಎಷ್ಟು ಎತ್ತರದಿಂದ ಬಿದ್ದ? ಓಡುವಾಗ ಎಡವಿದ್ದಕ್ಕೂ 5 ಅಡಿಗಿಂತ ಎತ್ತರದ ಗೋಡೆಯಿಂದ ಬಿದ್ದದ್ದಕ್ಕೂ ಬಹಳ ವ್ಯತ್ಯಾಸವಿದೆ. ಎರಡು ವರ್ಷ ತುಂಬದ ಕೂಸಾದರೆ 3 ಅಡಿ ಎತ್ತರಕ್ಕೇ ನಾವು ಎಚ್ಚರಗೊಳ್ಳುತ್ತೇವೆ. ನಿಮ್ಮ ಮಗ ಬಿದ್ದ ಬಗೆಯನ್ನು, ತಕ್ಷಣ ಅತ್ತದ್ದನ್ನು ನೋಡಿದರೆ ಸ್ಕ್ಯಾನ್ ಬೇಡವೆಂದ ವೈದ್ಯರ ತೀರ್ಮಾನ ಸರಿಯಾಗಿಯೇ ಕಾಣುತ್ತದೆ.

ಇಂಥ ಪೆಟ್ಟಿನ ನಂತರ ಮೊದಲ ಒಂದೆರಡು ದಿನ ಕಣ್ಣಿಟ್ಟಿರಬೇಕು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ನಡಿಗೆಯಲ್ಲಿ ತೂರಾಟ, ಹೆಚ್ಚುತ್ತಲೇ ಹೋಗುವ ತಲೆನೋವು, ಕಿವಿಯಿಂದಲೋ ಮೂಗಿನಿಂದಲೋ ನೀರಿನಂಥ ದ್ರವ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕೂರಬಾರದು. ತಲೆಗೆ ಪೆಟ್ಟಾದ ಮಗುವನ್ನು ಮಲಗಲು ಬಿಡಬಾರದು ಎಂದು ಹಿರಿಯರು ಹೇಳುವುದುಂಟು. ಅತ್ತು ಸುಸ್ತಾದ ಮಗು ಮಲಗಲಿ. ರಾತ್ರಿ ಒಂದೆರಡು ಸಲ ಎಬ್ಬಿಸಿ, ಸಹಜವಾಗಿ ಮುಲುಗಿ ಮಗ್ಗುಲು ಬದಲಿಸುತ್ತದೆಯೇ ಎಂದು ನೋಡಿದರೆ ಸಾಕು.

ಇನ್ನು ಕಾಫಿ ಪುಡಿ. ಈ ಜಿಲ್ಲೆಯಲ್ಲಿ ಮಕ್ಕಳನ್ನು ನೋಡುತ್ತಾ ಬಂದಿರುವ ನನಗೆ ಇದು ಚೆನ್ನಾಗಿ ಗೊತ್ತಿರುವ ದೃಶ್ಯ. ಪುಡಿ ರಕ್ತದೊಂದಿಗೆ ಬೆರೆತು ಗಟ್ಟಿ ಹೊಪ್ಪಳೆಯಾಗಿರುತ್ತದೆ. ಅದರಡಿ ಗಾಯ ಎಷ್ಟು ಆಳವಿದೆ, ಕಲ್ಲಿನ ಚೂರು ಇದೆಯೇ ಎಂದು ತಿಳಿಯುವುದಿಲ್ಲ. ಸಲೈನ್ ಸುರಿದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಉಳಿದ ಚೂರುಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆಯಬೇಕು. ಅಷ್ಟು ಹೊತ್ತೂ ಒಬ್ಬರು ತಲೆ ಹಿಡಿದಿರುತ್ತಾರೆ, ಇನ್ನೊಬ್ಬರು ಕೈಕಾಲು. ಬಿದ್ದಾಗ ಅತ್ತದ್ದಕ್ಕಿಂತ ಹೆಚ್ಚು ಮಗು ಆಗ ಅಳುತ್ತದೆ, ಅದನ್ನು ನೋಡುವುದು ನನಗೆ ಈಗಲೂ ಸಂಕಟ. ಚೂರು ಒಳಗೇ ಉಳಿದರೆ ಕೀವು ಕಟ್ಟಬಹುದು, ಚರ್ಮದಲ್ಲಿ ಕಪ್ಪು ಚುಕ್ಕೆ ನಿಲ್ಲಲೂಬಹುದು. ಅರಿಶಿನ, ಸುಣ್ಣ, ಟೂತ್‌ಪೇಸ್ಟ್ ಯಾವುದನ್ನೂ ಗಾಯದೊಳಕ್ಕೆ ತುಂಬಬೇಡಿ.

ಆದರೆ ನಿಮ್ಮ ಅತ್ತೆಯವರನ್ನು ದೂರಬೇಡಿ. ಅವತ್ತು ರಕ್ತ ನಿಲ್ಲಿಸಿದ್ದು ಅವರು ಒತ್ತಿ ಹಿಡಿದ ಕೈ, ಪುಡಿಯ ಪಾತ್ರ ಅದರಲ್ಲಿ ಕಡಿಮೆ. ಹಣೆ ಮತ್ತು ನೆತ್ತಿಯಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಸಣ್ಣ ಗಾಯವೂ ಧಾರಾಳವಾಗಿ ಸುರಿಯುತ್ತದೆ, ಮನೆಮಂದಿಯೆಲ್ಲ ಹೆದರುತ್ತಾರೆ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಬೇಕು, ನಿಂತಿತೇ ಎಂದು ನಡುವೆ ತೆಗೆದು ನೋಡಬಾರದು. ರಕ್ತ ನಿಂತ ಮೇಲೆ ಕುಡಿಯುವ ನೀರನ್ನು ಸುರಿದು ಮೆಲ್ಲಗೆ ತೊಳೆಯಿರಿ.

ಮನೆಯವರ ಪ್ರಶ್ನೆಗೂ ಉತ್ತರ ಹೇಳಬೇಕು. ಅಂಟು ಹಚ್ಚುವುದು ಎರಡು ನಿಮಿಷದ ಕೆಲಸ ನಿಜ. ಅದಕ್ಕೆ ಮೊದಲು ಗಾಯ ಶುದ್ಧವಾಗಬೇಕು, ಅಂಚುಗಳು ಸರಿಯಾಗಿ ಕೂಡಬೇಕು, ಮಗುವಿನ ತಲೆಯ ಸ್ಥಿತಿ ತಿಳಿಯಬೇಕು. ಆ ಪ್ರಯಾಣ ವ್ಯರ್ಥವಾಗಲಿಲ್ಲ. ಗಾಯ ಬಾಯ್ದೆರೆದಿದ್ದರೆ, ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ರೆಪ್ಪೆಯ ಮೇಲಿದ್ದರೆ ಅಥವಾ ತುಟಿಯ ಗೆರೆಯನ್ನು ದಾಟಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ತುಟಿಯ ಗೆರೆ ಕೂದಲೆಳೆಯಷ್ಟು ತಪ್ಪಿ ಕೂಡಿದರೂ ಜೀವನಪೂರ್ತಿ ಕಾಣುತ್ತದೆ.

ಆದರೆ ನಮ್ಮ ಮಳೆಗಾಲದ ರಾತ್ರಿಗಳು ಬೇರೆ. ಮರ ಬಿದ್ದು ದಾರಿ ಮುಚ್ಚಿರುತ್ತದೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಮಗು ಚುರುಕಾಗಿದ್ದು, ರಕ್ತ ನಿಂತಿದ್ದರೆ ತೊಳೆದು, ಬಟ್ಟೆ ಕಟ್ಟಿ, ಬೆಳಿಗ್ಗೆ ಹೊರಡಬಹುದು. ಮುಖದ ಗಾಯವನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಕೂಡಿಸಬಹುದು. ಮೇಲೆ ಹೇಳಿದ ಅಪಾಯದ ಲಕ್ಷಣವಿದ್ದರೆ ಮಾತ್ರ ಕಾಯದೆ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಧನುರ್ವಾಯುವಿನ ಚುಚ್ಚುಮದ್ದಿನಿಂದ ಹಾನಿಯೇನಿಲ್ಲ. 6, 10, 14ನೇ ವಾರದ ಪೆಂಟಾವೇಲೆಂಟ್ ಮತ್ತು 16ರಿಂದ 24 ತಿಂಗಳೊಳಗಿನ ಡಿ.ಪಿ.ಟಿ. ಬೂಸ್ಟರ್ (ಎರಡರಲ್ಲೂ ಧನುರ್ವಾಯುವಿನ ಲಸಿಕೆ ಸೇರಿರುತ್ತದೆ) ಆಗಿದ್ದರೆ ಈ ವಯಸ್ಸಿನಲ್ಲಿ ಅದು ಬೇಕಾಗಿರಲಿಲ್ಲ. ಆದರೆ ದಾಖಲೆ ಕಾಣದಿದ್ದಾಗ, ಗೊಬ್ಬರ ಮಣ್ಣು ಸೋಕುವ ಕಣದಲ್ಲಿ ಆದ ಗಾಯವೆಂದು ವೈದ್ಯರು ಎಚ್ಚರ ವಹಿಸಿದ್ದು ಸರಿ. ತಾಯಿ ಕಾರ್ಡಿನ ಫೋಟೋ ತೆಗೆದು ನಿಮ್ಮಿಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಐದು ವರ್ಷ ತುಂಬಿದ ಮೇಲಿನ ಡಿ.ಪಿ.ಟಿ.ಯನ್ನು ತಪ್ಪಿಸಬೇಡಿ.

ಅಂಟು ಸಾಮಾನ್ಯವಾಗಿ 5ರಿಂದ 10 ದಿನದೊಳಗೆ ತಾನಾಗಿ ಉದುರುತ್ತದೆ. ಅಲ್ಲಿಯವರೆಗೆ ಕೊಬ್ಬರಿ ಎಣ್ಣೆ, ಮುಲಾಮು ಸವರಬೇಡಿ, ಅಂಟು ಕರಗುತ್ತದೆ. ಸುತ್ತ ಕೆಂಪೇರಿ ಊದಿದರೆ, ಕೀವು ಅಥವಾ ಜ್ವರ ಬಂದರೆ ಮತ್ತೆ ತೋರಿಸಿ. ಗೀಟು ಕೆಲವು ತಿಂಗಳು ಕೆಂಪಗಿದ್ದು ಆಮೇಲೆ ಮಸುಕಾಗುತ್ತದೆ. ಪೂರ್ತಿ ಅಳಿಸಿಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಈ ಒಂದು ವರ್ಷ ಬಿಸಿಲಿಗೆ ಹೋಗುವಾಗ ಟೋಪಿ ಹಾಕಿಸಿ, ಬಿಸಿಲು ತಾಗಿದರೆ ಗೀಟು ಕಪ್ಪಾಗುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಒಗೆದು ಇಸ್ತ್ರಿ ಮಾಡಿದ ನಾಲ್ಕು ಹತ್ತಿ ಬಟ್ಟೆಗಳನ್ನು ಕವರಿನಲ್ಲಿ ಕಟ್ಟಿ, ಅಡುಗೆಮನೆಯಲ್ಲಿ ಕಾಫಿ ಡಬ್ಬಿಯ ಪಕ್ಕದಲ್ಲೇ ಇಡಿ. ಗಾಬರಿಯಲ್ಲಿ ಅತ್ತೆಯವರ ಕೈ ಹೇಗೂ ಅತ್ತಲೇ ಹೋಗುತ್ತದೆ.