ಜೀಬ್ರಾ ಪಟ್ಟೆ ಸಿಂಹಕ್ಕಲ್ಲ, ನೊಣಕ್ಕೆ

ಪ್ರಶ್ನೆ: ಸಿಂಹವನ್ನು ಗೊಂದಲಕ್ಕೆ ಕೆಡವಲೆಂದೇ ಜೀಬ್ರಾಕ್ಕೆ ಪಟ್ಟೆ ಬಂದಿದ್ದು ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಟಿವಿಯವರು ಹೇಳಿ ಹೇಳಿ ಇದನ್ನೇ ನಿಜ ಮಾಡಿಬಿಟ್ಟಿದ್ದಾರೆ. ಸಿಂಹದ ಕಣ್ಣು ನಮ್ಮಷ್ಟು ಸೂಕ್ಷ್ಮವಲ್ಲ. ಹಗಲಲ್ಲಿ 50 ಮೀಟರ್, ಮುಸ್ಸಂಜೆಯಲ್ಲಿ 30 ಮೀಟರ್ ದಾಟಿದರೆ ಅದಕ್ಕೆ ಪಟ್ಟೆ ಸರಿಯಾಗಿ ಕಾಣುವುದೇ ಕಷ್ಟ. ಅದಕ್ಕಿಂತ ಹತ್ತಿರ ಬಂದಾಗ ವಾಸನೆ, ಸದ್ದು ಎರಡೂ ಸಿಕ್ಕಿರುತ್ತವೆ. ಪಟ್ಟೆ ನಂಬಿ ಜೀಬ್ರಾ ಬದುಕುವುದಾಗಿದ್ದರೆ ಸಿಂಹಗಳು ಅದನ್ನು ಅಷ್ಟು ಜಾಸ್ತಿ ಬೇಟೆಯಾಡುತ್ತಿರಲಿಲ್ಲ.

ಪಟ್ಟೆಯ ಗುರಿ ಕಚ್ಚುವ ನೊಣ. ಜೀಬ್ರಾದ ಕೂದಲು ಗಿಡ್ಡ, ಹಾಗಾಗಿ ನೊಣದ ಬಾಯಿ ಚರ್ಮಕ್ಕೆ ಸುಲಭವಾಗಿ ಮುಟ್ಟುತ್ತದೆ. ಆಫ್ರಿಕಾದಲ್ಲಿ ಇಂಥ ನೊಣಗಳು ರಕ್ತದ ಜೊತೆಗೆ ಕುದುರೆ ಜಾತಿಯನ್ನು ಕೊಲ್ಲುವ ರೋಗಗಳನ್ನೂ ಹೊತ್ತು ತಿರುಗುತ್ತವೆ. ಜೀವವಿಜ್ಞಾನಿ ಟಿಮ್ ಕ್ಯಾರೊ ಮತ್ತು ಅವರ ತಂಡ ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಕಪ್ಪು, ಬಿಳಿ ಮತ್ತು ಪಟ್ಟೆಯ ಹೊದಿಕೆ ಹಾಕಿ ನೋಡಿತು. 2019ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು: ಪಟ್ಟೆ ಹೊದಿಕೆ ಮೇಲೆ ಕೂತ ನೊಣ ತುಂಬಾ ಕಡಿಮೆ. ಆದರೆ ಹೊದಿಕೆಯಿಲ್ಲದ ತಲೆ ಮೇಲೆ ಎಲ್ಲ ಕುದುರೆಗೂ ಒಂದೇ ಥರ ನೊಣ. ಜೀಬ್ರಾ ಹತ್ತಿರ ಬಂದ ನೊಣ ವೇಗ ತಗ್ಗಿಸದೆ ನೇರ ಹೋಗಿ ಮೈಗೆ ಬಡಿಯುತ್ತದೆ, ಇಲ್ಲವೇ ಪಕ್ಕದಲ್ಲೇ ದಾಟಿಹೋಗುತ್ತದೆ. ಕೂರಲು ಬೇಕಾದ ತಯಾರಿಯೇ ಆಗುವುದಿಲ್ಲ. ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದಾಗಲೂ ನೊಣದ ಕಾಟ ಸುಮಾರು ಅರ್ಧಕ್ಕೆ ಇಳಿಯಿತು.

ಪಟ್ಟೆಯಿಂದ ಮೈ ತಂಪಾಗುತ್ತದೆ ಎನ್ನುವವರೂ ಇದ್ದಾರೆ. ನೀರು ತುಂಬಿದ ಪೀಪಾಯಿಗಳಿಗೆ ಪಟ್ಟೆಯ ಮತ್ತು ಬೇರೆ ಬಣ್ಣದ ಚರ್ಮ ಹೊದಿಸಿ ಅಳೆದದ್ದಾಗಿದೆ. ಪಟ್ಟೆಯಿಂದ ತಂಪು ಜಾಸ್ತಿಯಾಗಲಿಲ್ಲ. ಇದನ್ನು ಇಲ್ಲಿಗೇ ಬಿಡಿ.

ಪ್ರಶ್ನೆ: ಪಳಗಿಸಿ ಸವಾರಿ ಮಾಡಬಹುದಾ?

ಬೇಡ. ಕಚ್ಚಿದರೆ ಬಿಡುವುದಿಲ್ಲ, ಒದ್ದರೆ ಮೂಳೆ ಮುರಿಯುತ್ತದೆ.

ಪ್ರಶ್ನೆ: ಜೀಬ್ರಾ ಕೊಬ್ಬು ಔಷಧಿಯಂತೆ, ಹೌದಾ?

ಸುಳ್ಳು. ಅದನ್ನು ಮಾರುವವನು ಮೋಸಗಾರ. ಕೀನ್ಯಾ, ಇಥಿಯೋಪಿಯಾದ ಗ್ರೇವಿ ಎಂಬ ಜಾತಿಯ ಜೀಬ್ರಾ ಸುಮಾರು 3,000 ಮಾತ್ರ ಉಳಿದಿವೆ. ಅವುಗಳನ್ನೂ ಔಷಧಿ ನೆಪದಲ್ಲಿ ಕೊಂದಿದ್ದಾರೆ.

ಪ್ರಶ್ನೆ: ಸಫಾರಿಯಲ್ಲಿ ಈಗಷ್ಟೇ ಹುಟ್ಟಿದ ಮರಿಯ ಹತ್ತಿರ ಹೋಗಬಹುದಾ?

ದಯವಿಟ್ಟು ಹೋಗಬೇಡಿ. ಮೊದಲ ಕೆಲ ದಿನ ತಾಯಿ ಉಳಿದ ಜೀಬ್ರಾಗಳನ್ನೂ ಮರಿಯ ಹತ್ತಿರ ಬಿಡುವುದಿಲ್ಲ. ಅಷ್ಟರಲ್ಲಿ ಮರಿ ಅಮ್ಮನ ಪಟ್ಟೆ, ವಾಸನೆ, ಕೂಗು ಗುರುತು ಹಿಡಿಯಬೇಕು. ಫೋಟೊಗಾಗಿ ಗಾಡಿಯನ್ನು ಇಬ್ಬರ ನಡುವೆ ನುಗ್ಗಿಸಿದರೆ ಆ ಗುರುತು ಕೆಡಬಹುದು. ಚಾಲಕ ಹತ್ತಿರ ಹೋಗೋಣ ಎಂದರೂ ನೀವೇ ಬೇಡ ಅನ್ನಿ.